ಕಬ್ಬು ಕಡಿಯೋ ಮಷಿನ್: ಎಚ್‌ಪಿ ಆಮೇಲೆ ನೋಡ್ರಿ, ಮೊದಲು ಡೀಲರ್‌ನ ಗೋದಾಮು

ಅಥಣಿ, ರಾಯಬಾಗ, ಜಮಖಂಡಿ, ಮುಧೋಳದ ಕಡೆ ಕಬ್ಬು ಕಟಾವು ಮಷಿನ್ ಕೊಳ್ಳಲು ಹೊರಟವರ ಬಾಯಲ್ಲಿ ಹೆಚ್ಚಾಗಿ ಬರುವ ಹೆಸರು ಎರಡು. ಒಂದು, ಪುಣೆ ಹತ್ತಿರದ ಚಾಕಣದಲ್ಲಿ ತಯಾರಾಗುವ ಕೇಸ್ ಐಎಚ್ ಆಸ್ಟಾಫ್ಟ್ 4000. ಇನ್ನೊಂದು ರಾಜಕೋಟದ ಶಕ್ತಿಮಾನ್ 3737. ಎಂಜಿನ್ ಒಂದರದು 174 ಎಚ್‌ಪಿ, ಇನ್ನೊಂದರದು 173. ಎಚ್‌ಪಿ ಹಿಡಿದುಕೊಂಡು ವಾದ ಮಾಡುವುದು ಬರೀ ಹರಟೆ. ಎರಡರ ಕೆಲಸವೂ ಒಂದೇ: ಸಾಲಿನ ಬುಡ ಕತ್ತರಿಸಿ, ಕಬ್ಬನ್ನು ತುಂಡು ಮಾಡಿ, ಫ್ಯಾನಿನಿಂದ ರವದಿ (ಒಣ ಗರಿ) ಹಾರಿಸಿ, ಎಲಿವೇಟರ್‌ನಿಂದ ಪಕ್ಕದ ಟ್ರಾಲಿಗೆ ಸುರಿಯುವುದು.

ಕೋಟಿ ರೂಪಾಯಿ ಆಸುಪಾಸಿನ ಈ ಮಷಿನ್ ಸಾಲದ ಕಂತಿಗೆ ದುಡಿಯಬೇಕಾದದ್ದು ವರ್ಷದಲ್ಲಿ ಸಕ್ಕರೆ ಕಾರ್ಖಾನೆ ಕಬ್ಬು ನುರಿಸುವ ನಾಲ್ಕೈದು ತಿಂಗಳಲ್ಲೇ. ಆಗ ಎರಡು ದಿನ ನಿಂತರೆ ಕಾರ್ಖಾನೆಯವರು ಆ ತೋಟಕ್ಕೆ ಬೇರೆ ಗ್ಯಾಂಗ್ ಕಳಿಸುತ್ತಾರೆ.

ನಿಲ್ಲಿಸುವುದು ಹೆಚ್ಚಾಗಿ ಎಂಜಿನ್ ಅಲ್ಲ, ಹೈಡ್ರಾಲಿಕ್. ಬುಡದ ಕಟರ್, ತುಂಡು ಮಾಡುವ ಚಾಪರ್, ಫ್ಯಾನ್, ಎಲಿವೇಟರ್ ಎಲ್ಲ ತಿರುಗುವುದು ಎಣ್ಣೆಯ ಒತ್ತಡದಿಂದ. ಹೋಸ್ ಒಡೆದರೆ ಅಂಥದ್ದೇ ಹೋಸ್‌ಗೆ ತುದಿಯ ಫಿಟಿಂಗ್ ಒತ್ತಿ ಕೂರಿಸಿಕೊಡುವ (ಕ್ರಿಂಪ್ ಮಾಡುವ) ಮಷಿನ್ ಡೀಲರ್ ಬಳಿ ಇದೆಯೇ? ಇಲ್ಲದಿದ್ದರೆ ಯಾರದೋ ಅಂಗಡಿಯ ಕಡಿಮೆ ಒತ್ತಡದ ಹೋಸ್ ಹಾಕಿ, ಮತ್ತೆ ಒಡೆಸಿಕೊಳ್ಳುವುದೇ ಆಗುತ್ತದೆ. ಹೊಲದಲ್ಲೇ ಹೋಸ್ ಬಿಚ್ಚುವಾಗ ಅದರ ಬಾಯಿ ಮುಚ್ಚದೆ ಬಿಟ್ಟರೆ ಎರಿ ಮಣ್ಣಿನ ಧೂಳು ಒಳಗೆ ಸೇರಿ ಪಂಪ್ ಸವೆಯುತ್ತದೆ. ಪಂಪ್, ಮೋಟರ್ ಊರಿನ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಅವು ಡೀಲರ್‌ನ ಗೋದಾಮಿನಲ್ಲೇ ಇರಬೇಕು. ಚಾಕಣ ಬೆಳಗಾವಿಗೆ ರಾಜಕೋಟಕ್ಕಿಂತ ಹತ್ತಿರ, ಖರೆ; ಆದರೆ ಸಾಮಾನು ಕಂಪನಿಯ ಗೇಟಿನಲ್ಲಿದ್ದು ನಿಮಗೇನು ಉಪಯೋಗ?

ಡೀಲರ್ ಹತ್ತಿರ ಹೋದಾಗ ಶೋರೂಮಿನ ಚಹಾ ಕುಡಿದು ಬರಬೇಡಿ. ಗೋದಾಮು ತೆಗೆಸಿ ನೋಡಿ: ಬುಡ ಕಡಿಯುವ ಬ್ಲೇಡ್, ಚಾಪರ್ ಬ್ಲೇಡ್, ಎಲಿವೇಟರ್ ಚೈನು, ಬೇರಿಂಗ್, ಸೀಲ್ ಕಿಟ್, ಫಿಲ್ಟರ್, ಸೆನ್ಸರ್. ಹಂಗಾಮಿನಲ್ಲಿ ಮೆಕ್ಯಾನಿಕ್ ಯಾವ ಊರಲ್ಲಿ ಇರುತ್ತಾನೆ, ಒಬ್ಬನ ಕೈಯಲ್ಲಿ ಎಷ್ಟು ಮಷಿನ್, ರಾತ್ರಿ ಫೋನ್ ಎತ್ತುವವರು ಯಾರು ಎಂಬುದನ್ನು ಬರೆಸಿಕೊಳ್ಳಿ. ಗ್ಯಾರಂಟಿ ತಿಂಗಳ ಲೆಕ್ಕವೋ ಗಂಟೆಯ ಲೆಕ್ಕವೋ, ಹೋಸ್ ಅದರಲ್ಲಿ ಬರುತ್ತದೋ ಇಲ್ಲವೋ, ಅದೂ ಕಾಗದದ ಮೇಲಿರಲಿ. ಹೋದ ಹಂಗಾಮಿನ ಗಿರಾಕಿಗಳ ನಂಬರ್ ಕೊಡಲು ಹಿಂದೆಮುಂದೆ ನೋಡುವ ಡೀಲರ್‌ನನ್ನು ಅಲ್ಲಿಗೇ ಬಿಡಬಹುದು.

ಡೆಮೊ ನಿಮ್ಮದೇ ಹೊಲದಲ್ಲಿ, ಆದಷ್ಟು ಬಿದ್ದ ಕಬ್ಬಿನಲ್ಲಿ ಆಗಲಿ. ನೆಟ್ಟಗೆ ನಿಂತ ಕಬ್ಬನ್ನು ಯಾವ ಮಷಿನ್ನಾದರೂ ಕಡಿಯುತ್ತದೆ. ಕಡಿದ ಮೇಲೆ ಬುಡ ನೋಡಿ. ಸಪಾಟಾಗಿ ಕಡಿದಿದ್ದರೆ ಸರಿ. ಸೀಳಿದ್ದರೆ ಬ್ಲೇಡ್ ಮೊಂಡಾಗಿದೆ, ಕುಳೆ (ಕಡಿದ ಬುಡದಿಂದ ಬರುವ ಮುಂದಿನ ಬೆಳೆ) ಚೆನ್ನಾಗಿ ಚಿಗುರುವುದಿಲ್ಲ. ತುಂಡುಗಳು ನಾರು ಹಿಡಿದು ಜೋತಾಡಿದರೆ ಚಾಪರ್ ಹೊಂದಾಣಿಕೆ ತಪ್ಪಿದೆ. ಫ್ಯಾನ್ ಜೋರು ಮಾಡಿದರೆ ಟ್ರಾಲಿ ಚೊಕ್ಕಟವಾಗಿ ಕಾಣುತ್ತದೆ, ಆದರೆ ರವದಿಯ ಜೊತೆ ಕಬ್ಬೂ ಹಾರಿ ಹೋಗುತ್ತದೆ. ಕೆಳಗೆ ಬಿದ್ದ ರವದಿಯನ್ನು ಕೈಯಿಂದ ಕೆದರಿ ನೋಡಿ. ಫ್ಯಾನ್ ನಿಧಾನ ಮಾಡಿದರೆ ರವದಿ ಟ್ರಾಲಿಗೆ ಬಂದು, ತೂಕದಲ್ಲಿ ಕಾರ್ಖಾನೆ ಕಡಿತ ಹಾಕುತ್ತದೆ. ಡೀಸೆಲ್ಲನ್ನು ಗಂಟೆಗೆ ಎಷ್ಟು ಎಂದು ಕೇಳಬೇಡಿ, ಟನ್ನಿಗೆ ಎಷ್ಟು ಎಂದು ಅಳೆಯಿರಿ.

ಸಾಲು ಕನಿಷ್ಠ 4 ಅಡಿ ಇರಬೇಕು, 4.5 ಅಡಿ ಇದ್ದರೆ ಇನ್ನೂ ಒಳ್ಳೆಯದು. ಎರಡೂವರೆ, ಮೂರು ಅಡಿಯ ಹಳೇ ಸಾಲಿನಲ್ಲಿ ಗಾಲಿ ಕುಳೆಯ ಮೇಲೇ ಓಡುತ್ತದೆ. ಅಂಥ ಹೊಲಗಳೇ ಹೆಚ್ಚಿರುವ ಊರಲ್ಲಿ ಯಾವ ಕಂಪನಿಯದನ್ನೂ ಕೊಳ್ಳಬೇಡಿ.

ಒಂದು ಮಷಿನ್ನಿಗೆ ಕಮ್ಮಿ ಅಂದರೂ ಹೊಲದೊಳಗೇ ಜೊತೆಗೆ ಓಡಿ ಕಬ್ಬು ತುಂಬಿಸಿಕೊಳ್ಳುವ ಎರಡು ಇನ್‌ಫೀಲ್ಡರ್ ಟ್ರಾಲಿ ಬೇಕು, ಇಲ್ಲವಾದರೆ ಅದು ಬದುವಿನಲ್ಲಿ ಕಾಯುತ್ತಾ ನಿಲ್ಲುತ್ತದೆ. ತುಂಡಾದ ಕಬ್ಬಿಗೆ ಎರಡೂ ಕಡೆ ಗಾಯ, ಇಡೀ ಕಬ್ಬಿಗಿಂತ ಬೇಗ ಹುಳಿಯುತ್ತದೆ. ಒಂದು ದಿನದೊಳಗೆ ನುರಿಸಲೇಬೇಕು. ಕಾರ್ಖಾನೆಯಲ್ಲಿ ತುಂಡು ಕಬ್ಬಿಗೆ ಪ್ರತ್ಯೇಕ ಸರದಿ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ.

ರೇಡಿಯೇಟರ್‌ಗೆ ಮೆತ್ತಿದ ರವದಿಯನ್ನು ಪಾಳಿಗೊಮ್ಮೆ ಒಳಗಿನಿಂದ ಹೊರಗೆ ಗಾಳಿ ಹೊಡೆದು ತೆಗೆಯಬೇಕು. ಟರ್ಬೊ, ಸೈಲೆನ್ಸರ್ ಸುತ್ತ ಒಣ ರವದಿ ಕೂತರೆ ಬೆಂಕಿಯೇ. ಬೆಂಕಿ ಆರಿಸುವ ಸಿಲಿಂಡರ್ ಎರಡು ಇರಲಿ, ಒಂದು ಕ್ಯಾಬಿನ್ನಿನಲ್ಲಿ, ಒಂದು ಕೆಳಗೆ ನಿಂತವನ ಕೈಗೆ ಸಿಗುವಂತೆ.