ಮೈಸೂರಲ್ಲಿ ಕ್ಯಾಡ್ ಕೋರ್ಸ್‌ಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದ್ಕೊಳಿ

ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಣದ ಕಡೆಯಿಂದ ಕ್ಯಾಡ್, ಅಂದ್ರೆ ಕಂಪ್ಯೂಟರಲ್ಲಿ ಡ್ರಾಯಿಂಗ್ ಹಾಕೋದು, ಕಲೀಬೇಕು ಅಂತ ಮೈಸೂರಿಗೆ ಟ್ರೈನ್ ಹತ್ತೋ ಹುಡುಗ ಹುಡುಗೀರಿಗೆ ಇದು. "ಮೂರು ತಿಂಗಳಲ್ಲಿ ಆರು ಸಾಫ್ಟ್‌ವೇರ್, ನೂರಕ್ಕೆ ನೂರು ಪ್ಲೇಸ್‌ಮೆಂಟ್" ಅಂತ ಬೋರ್ಡ್ ಕಂಡ್ರೆ ಮೆಟ್ಲು ಹತ್ತೋ ಮುಂಚೆ ಸ್ವಲ್ಪ ನಿಂತ್ಕೊಳಿ.

ನಾನು ಬಿಎಸ್ಸಿ ಮಾಡ್ದೋನು, ಡ್ರಾಯಿಂಗ್ ಬೋರ್ಡ್ ಮುಟ್ಟಿದ್ದೇ ಇಲ್ಲ. ಅದನ್ನ ಮೊದ್ಲೇ ಹೇಳ್ದೆ. ಕೌನ್ಸೆಲಿಂಗ್ ಮೇಡಮ್ಮು "ಏನೂ ತೊಂದ್ರೆ ಇಲ್ಲ, ಸೊನ್ನೆಯಿಂದ ಹೇಳ್ಕೊಡ್ತೀವಿ, ಇವತ್ತೇ ಕಟ್ಟಿದ್ರೆ ಆಫರ್ ಸಾರ್, ನಾಳೆ ಇರಲ್ಲ" ಅಂತ ನಮ್ಮಪ್ಪನ ಮುಂದೆ ಹೇಳಿ, ಕಬ್ಬಿನ ದುಡ್ಡು ಆಗ ತಾನೆ ಬಂದಿತ್ತಲ್ಲ, ಮೂವತ್ತು ಸಾವಿರ ಒಂದೇ ಸಲ ಕಟ್ಟಿಸ್ಕೊಂಡ್ರು. ಬಿಲ್ ಕೇಳಿದ್ರೆ ಪುಸ್ತಕದಿಂದ ಹರಿದ ಚೀಟಿ, ಅದ್ರಲ್ಲಿ ಜಿಎಸ್‌ಟಿ ನಂಬರೂ ಇಲ್ಲ ಮಣ್ಣೂ ಇಲ್ಲ.

ಪಾಠ ಏನಪ್ಪಾ ಅಂದ್ರೆ ಎಲ್ ಒತ್ತಿದ್ರೆ ಲೈನ್, ಸಿ ಒತ್ತಿದ್ರೆ ಸರ್ಕಲ್, ಟಿಆರ್ ಒತ್ತಿದ್ರೆ ಟ್ರಿಮ್, ನೋಟ್ಸ್ ಬರ್ಕೊಳಿ. ಗೆರೆ ನೇರವಾಗಿ ಬರೋಕೆ ಆರ್ಥೋ ಎಫ್ 8, ಗೆರೆ ತುದಿ ಹಿಡಿಯೋಕೆ ಆಬ್ಜೆಕ್ಟ್ ಸ್ನ್ಯಾಪ್ ಎಫ್ 3, ಬರ್ಕೊಳಿ. ಅಲ್ಲಿದ್ದಿದ್ದು ಆಟೋಡೆಸ್ಕ್ ಕಂಪನಿಯ ಡ್ರಾಯಿಂಗ್ ಸಾಫ್ಟ್‌ವೇರ್ ಆಟೋಕ್ಯಾಡ್ 2010, ಅದೂ ಕ್ರ್ಯಾಕ್ ಮಾಡಿದ್ದು. ಮನೇಲಿ ಪ್ರಾಕ್ಟೀಸ್ ಮಾಡೋಕೆ ಅಂತ ಪೆನ್‌ಡ್ರೈವಲ್ಲಿ ಕೊಟ್ಟು "ಆಂಟಿವೈರಸ್ ಆಫ್ ಮಾಡಿ ಹಾಕ್ಕೊಳಿ" ಅಂದ್ರು, ನಮ್ಮ ಬ್ಯಾಚಲ್ಲಿ ಒಬ್ಬ ಹುಡುಗಂಗೆ ಲ್ಯಾಪ್‌ಟಾಪ್ ಪೂರ್ತಿ ಫಾರ್ಮ್ಯಾಟ್ ಮಾಡಿಸ್ಬೇಕಾಯ್ತು. ಹೊಸ ಫೈಲೂ ಆ 2010ರಲ್ಲಿ ತೆರೀತಿರ್ಲಿಲ್ಲ, ಆಟೋಕ್ಯಾಡ್ ಫೈಲಿಗೆ ಡಿಡಬ್ಲ್ಯೂಜಿ ಅಂತಾರೆ, 2018ರ ಡಿಡಬ್ಲ್ಯೂಜಿ ಫಾರ್ಮ್ಯಾಟಲ್ಲಿ ಸೇವ್ ಆಗಿದ್ರೆ 2017 ಇಲ್ಲ ಅದಕ್ಕೂ ಹಳೇ ಆಟೋಕ್ಯಾಡ್ ಓದಲ್ಲ. ಆಟೋಡೆಸ್ಕ್‌ನೋರ ಡಿಡಬ್ಲ್ಯೂಜಿ ಟ್ರೂವ್ಯೂ ಪುಕ್ಸಟ್ಟೆ ಸಿಗುತ್ತೆ, ಅದ್ರಲ್ಲಿ ಹಳೇ ಫಾರ್ಮ್ಯಾಟಿಗೆ ಬದಲಾಯಿಸ್ಬಹುದು. ನಮ್ಮ ಸಾರಿಗೆ ಅದೂ ಗೊತ್ತಿರ್ಲಿಲ್ಲ, "ಫೈಲ್ ಕರಪ್ಟ್ ಆಗಿದೆ" ಅಂದ್ಬಿಟ್ರು.

ಇದೆಲ್ಲ ಹೋಗ್ಲಿ. ಎಲ್ಲಕ್ಕಿಂತ ಡೇಂಜರ್ ಆಗಿದ್ದು ಇನ್ನೊಂದಿದೆ. ಗೆರೆ 48 ಬಂದು ಶೀಟಲ್ಲಿ 50 ಇರ್ಬೇಕು ಅಂದ್ರೆ ಡೈಮೆನ್ಷನ್ (ಗೆರೆ ಪಕ್ಕ ತೋರಿಸೋ ಅಳತೆಯ ಅಂಕಿ) ಮೇಲೆ ಡಬಲ್ ಕ್ಲಿಕ್ ಮಾಡಿ 50 ಅಂತ ಟೈಪ್ ಮಾಡಿ ಅಂತ ಹೇಳ್ಕೊಟ್ರು. ಪ್ರಿಂಟಲ್ಲಿ ಚೆನ್ನಾಗೇ ಕಾಣುತ್ತೆ. ಆಮೇಲೆ ಹೂಟಗಳ್ಳಿ ಕಡೆ ಒಂದು ಶೀಟ್ ಮೆಟಲ್ ಯೂನಿಟ್ಟಿಗೆ ಕೆಲ್ಸದ ಟ್ರಯಲ್‌ಗೆ ಹೋದೆ, ಲೇಸರ್ ಕಟಿಂಗ್ ಮಾಡ್ತಾರೆ, ಮೆಷಿನ್‌ಗೆ ಕೊಡೋ ಡ್ರಾಯಿಂಗ್ ಫೈಲು ಡಿಎಕ್ಸ್‌ಎಫ್ ಕೊಟ್ಟೆ, ಪೀಸ್ ಹೊರಗೆ ಬಂತು, ಅಳೆಯೋ ವರ್ನಿಯರ್ ಹಿಡಿದ್ರೆ 48. ಅಲ್ಲಿದ್ದ ಹಿರಿಯರೊಬ್ರು ಬೈಲಿಲ್ಲ ಪಾಪ, "ಮೆಷಿನ್ ನೀನು ಬರೆದ ಅಂಕಿ ಓದಲ್ಲ ಕಣಪ್ಪ, ಗೆರೆ ಓದುತ್ತೆ" ಅಂದ್ರು. ಒಂದ್ರ ಮೇಲೆ ಒಂದು ಗೆರೆ ಕೂತಿದ್ರೆ ಅದೇ ಜಾಗ ಎರಡೆರಡು ಸಲ ಕಟ್ ಆಗುತ್ತೆ, ಅದನ್ನ ಓವರ್‌ಕಿಲ್ ಕಮಾಂಡಲ್ಲಿ ತೆಗೀಬೇಕು ಅಂತ ತೋರಿಸಿದ್ದೂ ಅವ್ರೇ. ಹೊಸ ಡ್ರಾಯಿಂಗ್ ಶುರು ಮಾಡುವಾಗ ಟೆಂಪ್ಲೇಟ್ ಅಕ್ಯಾಡ್ ತಗೊಂಡ್ರೆ ಇಂಚು, ಅಕ್ಯಾಡ್ ಐಸೋ ತಗೊಂಡ್ರೆ ಎಂಎಂ ಅನ್ನೋದೂ ಅಲ್ಲೇ ಗೊತ್ತಾಗಿದ್ದು. ಇಂಚಿಗೂ ಎಂಎಂಗೂ 25.4 ಪಟ್ಟು ವ್ಯತ್ಯಾಸ ಗುರು! ದುಡ್ಡು ಇಸ್ಕೊಂಡೋರು ಹೇಳ್ದೇ ಇದ್ದಿದ್ದನ್ನ ಕೆಲ್ಸ ಕೊಡದೇ ಇದ್ದೋರು ಹೇಳ್ಕೊಟ್ರು. ಅಂದ ಹಾಗೆ ಸೆಂಟರ್‌ನ ಪ್ಲೇಸ್‌ಮೆಂಟ್ ಅಂದ್ರೆ ಇನ್ಶೂರೆನ್ಸ್ ಮಾರೋ ಇಂಟರ್‌ವ್ಯೂ.

ಎಲ್ಲಾ ಸೆಂಟರೂ ಹಿಂಗೇ ಅಂತ ಹೇಳ್ತಿಲ್ಲ. ಆದ್ರೆ ಹೋಗುವಾಗ ಮನೇಲಿರೋ ಬಾಗಿಲ ಹಿಂಜೋ, ದೊಡ್ಡ ಬೋಲ್ಟೋ ಜೇಬಲ್ಲಿ ಇಟ್ಕೊಂಡು ಹೋಗಿ, ಇದನ್ನ ಅಳೆದು ಫಸ್ಟ್ ಆಂಗಲಲ್ಲಿ ಮೂರು ವ್ಯೂ ಹಾಕಿ ತೋರ್ಸಿ ಸಾರ್ ಅಂತ ಕೇಳಿ. ಫಸ್ಟ್ ಆಂಗಲ್ ಅಂದ್ರೆ ಎದುರಿಂದ, ಮೇಲಿಂದ, ಪಕ್ಕದಿಂದ ಕಾಣೋ ಚಿತ್ರಗಳನ್ನ ಶೀಟಲ್ಲಿ ಜೋಡಿಸೋ ಒಂದು ಪದ್ಧತಿ. ಫಸ್ಟ್ ಆಂಗಲಲ್ಲಿ ಟಾಪ್ ವ್ಯೂ ಫ್ರಂಟ್ ವ್ಯೂನ ಕೆಳಗಡೆ ಬರುತ್ತೆ, ನಮ್ಮ ದೇಶದಲ್ಲಿ ಅದೇ ಪದ್ಧತಿ, ಅಮೆರಿಕದೋರದ್ದು ಥರ್ಡ್ ಆಂಗಲ್, ಅಲ್ಲಿ ಮೇಲ್ಗಡೆ. ಇಷ್ಟಕ್ಕೇ ತಡವರಿಸಿದ್ರೆ ಎದ್ದು ಬನ್ನಿ. ಲೈಸೆನ್ಸ್ ಇರೋ ಸಾಫ್ಟ್‌ವೇರಾ ಅಂತ್ಲೂ ಕೇಳಿ, ಮುಖ ನೋಡಿದ್ರೇ ಗೊತ್ತಾಗುತ್ತೆ.

ಕಾಲೇಜಲ್ಲಿ ಓದ್ತಿರೋರಿಗೆ ಆಟೋಡೆಸ್ಕ್‌ನೋರೇ ಒಂದೊಂದು ವರ್ಷಕ್ಕೆ ಫ್ರೀ ಕೊಡ್ತಾರೆ, ಕಾಲೇಜಿನ ದಾಖಲೆ ತೋರಿಸ್ಬೇಕು ಅಷ್ಟೆ. ನನ್ ತರ ಓದು ಮುಗ್ಸಿರೋರಿಗೆ 2ಡಿಗೆ ಲಿಬ್ರೆಕ್ಯಾಡ್, 3ಡಿಗೆ ಫ್ರೀಕ್ಯಾಡ್ ಇದೆ, ಅದ್ರದ್ದು 1.0 ವರ್ಷನ್ 2024ರ ನವೆಂಬರಲ್ಲಿ ಬಂತು. ನಾನೀಗ ಅದ್ರಲ್ಲೇ ಕಲೀತಿರೋದು. ಸ್ಕೆಚ್‌ಗೆ ಬೇಕಾದ ಅಳತೆ ಎಲ್ಲ ಕೊಟ್ಟ ಮೇಲೆ ಗೆರೆ ಹಸಿರಾಗುತ್ತೆ, ಆಗೋ ತನಕ ನಾನು ಮುಂದಕ್ಕೆ ಹೋಗಲ್ಲ. ಡ್ರಾಯಿಂಗ್ ಓದೋದಕ್ಕೆ ಎನ್‌ಪಿಟಿಇಎಲ್ ಪಾಠ (ಐಐಟಿ ಮೇಷ್ಟ್ರುಗಳ ಆನ್‌ಲೈನ್ ವಿಡಿಯೋ) ಸಾಕು. ಎದ್ರಿಗೇ ಕೂತು ಕಲೀಬೇಕು ಅನ್ನೋರು ಮೈಸೂರಿನ ಜಿಟಿಟಿಸಿಲಿ ಮೊದ್ಲು ವಿಚಾರಿಸಿ, ಅದು ಅಚ್ಚು, ಉಪಕರಣ ಮಾಡೋದನ್ನ ಕಲಿಸೋ ಸರ್ಕಾರಿ ಟೂಲ್ ರೂಮು, ಪಕ್ಕದಲ್ಲೇ ಮೆಷಿನ್ ಓಡ್ತಿರುತ್ತೆ.

ದುಡ್ಡು ವಾಪಸ್ ಕೇಳಿದ್ದಕ್ಕೆ "ಸರ್ಟಿಫಿಕೇಟ್ ಕೊಟ್ಟಿದೀವಲ್ಲ" ಅಂದ್ರು. ಗ್ರಾಹಕರ ಸಹಾಯವಾಣಿ 1915ಕ್ಕೆ ಕಂಪ್ಲೇಂಟ್ ಕೊಟ್ಟಿದೀನಿ, ಮುಂದಕ್ಕೆ ಜಿಲ್ಲಾ ಗ್ರಾಹಕರ ಆಯೋಗ, ಕಟ್ಟಿರೋ ದುಡ್ಡು 5 ಲಕ್ಷದ ಒಳಗಿದ್ರೆ ಅಲ್ಲಿ ಫೀಸೂ ಇಲ್ಲ. ನಮ್ಮ ಬ್ಯಾಚಿನೋರು ಯಾರಾದ್ರೂ ಇದನ್ನ ಓದ್ತಿದ್ರೆ ಆ ಚೀಟಿ ಬಿಸಾಕ್ಬೇಡಿ, ಮೇಡಮ್ಮು ಪ್ಲೇಸ್‌ಮೆಂಟ್ ಬಗ್ಗೆ ಕಳ್ಸಿದ್ದ ವಾಟ್ಸಾಪ್ ಮೆಸೇಜ್ ಡಿಲೀಟ್ ಮಾಡ್ಬೇಡಿ, ಎಲ್ಲಾರೂ ಒಟ್ಟಿಗೆ ಕೊಡೋಣ.