ಸೊಂಟ ಕರಗಿಸುವ ಹೆಸರಿಲ್ಲದ ಮಾತ್ರೆ: ನಮ್ಮ ಕಾಸರಗೋಡಿನವರಿಗೆ ಒಂದು ಎಚ್ಚರಿಕೆ

ಸೊಂಟದ ಬೊಜ್ಜು ಕರಗಿಸಿ ಕೊಡುತ್ತೇವೆಂದು ಬಾಡಿಗೆ ಹಾಲ್‌ನಲ್ಲಿ ಶಿಬಿರ ಇಡುವವರ ಕೈಯಿಂದ ಹೆಸರಿಲ್ಲದ ಮಾತ್ರೆ, ಪುಡಿ ಯಾವುದನ್ನೂ ತೆಗೆದುಕೊಳ್ಳಬೇಡಿ. ಬಿಪಿ, ಶುಗರ್, ಥೈರಾಯ್ಡ್‌ಗೆ ಮದ್ದು ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಇದನ್ನು ಅವರಿಗೆ ಓದಿ ಹೇಳಿ. ನನ್ನ ಅತ್ತಿಗೆ ಕಳೆದ ಮಳೆಗಾಲದಲ್ಲಿ ಮಂಗಳೂರಿನ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ಮಲಗಿದ್ದು ಇದರಿಂದಲೇ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ನನ್ನ ಹೆಸರೊಂದು ಬೇಡ, ಬಾಕಿ ಎಲ್ಲ ಬರಿ" ಎಂದಿದ್ದಾರೆ.

ನಾನು ಬದಿಯಡ್ಕದ ಹತ್ತಿರ ಹೊಲಿಗೆ ಅಂಗಡಿ ನಡೆಸುವವಳು. ಊರಿನ ಹೆಂಗಸರ ಸೊಂಟದ ಅಳತೆ ಹೇಗೆ ಏರುತ್ತಾ ಬಂದಿದೆ ಎಂದು ನನ್ನ ಅಳತೆ ಪುಸ್ತಕ ನೋಡಿದರೆ ಗೊತ್ತಾಗುತ್ತದೆ. ಅತ್ತಿಗೆಯದ್ದೂ ಹಾಗೆಯೇ. ಮದುವೆಯಾಗಿ ಬಂದ ಹೊಸತರಲ್ಲಿ ತೋಟಕ್ಕಿಳಿದು ಅಡಿಕೆ ಹೆಕ್ಕುತ್ತಿದ್ದವರು, ಸೊಪ್ಪಿನ ಹೊರೆ ಹೊತ್ತು ಗುಡ್ಡೆ ಇಳಿಯುತ್ತಿದ್ದವರು. ಎರಡನೇ ಹೆರಿಗೆಯ ನಂತರ ಅಂಗಡಿಯ ಕೌಂಟರಿನಲ್ಲಿ ಕೂರುವ ಕೆಲಸ ಸಿಕ್ಕಿತು, ನಲವತ್ತು ದಾಟುವಾಗ ಬಿಪಿ ಬಂತು. ಕೈಕಾಲು ಮೊದಲಿನಂತೆಯೇ ತೆಳು, ಹೊಟ್ಟೆ ಮತ್ತು ಸೊಂಟ ಮಾತ್ರ ಬೇರೆ. ಅದನ್ನು ಕರಗಿಸಬೇಕೆಂದು ಅವರಿಗೆ ಅನಿಸಿದ್ದು ಸರಿಯಾಗಿಯೇ ಇತ್ತು. ನಮ್ಮ ಜನರಲ್ಲಿ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ದಾಟಿದ ಸೊಂಟ ಅಪಾಯದ ಗುರುತು ಎಂದು ವೈದ್ಯರು ಹೇಳುತ್ತಾರೆ. ನನ್ನ ಟೇಪಿನಲ್ಲಿ ಅದು ಸುಮಾರು 31.5 ಮತ್ತು 35.5 ಇಂಚು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2023ರಲ್ಲಿ ಹೊರತಂದ ದೇಶವ್ಯಾಪಿ ಸಮೀಕ್ಷೆಯಲ್ಲಿ ಶೇ. 39.5 ಮಂದಿಗೆ ಹೊಟ್ಟೆಯ ಬೊಜ್ಜು ಇತ್ತು. ಸಕ್ಕರೆ ಕಾಯಿಲೆಯ ಲೆಕ್ಕದಲ್ಲಿ ನಮ್ಮ ಕೇರಳ ಶೇ. 25.5ರೊಂದಿಗೆ ಮೇಲಿನ ಸಾಲಿನಲ್ಲಿದೆ. ಹಾಗಾಗಿ ಸೊಂಟ ಇಳಿಸಲು ಹೊರಟವರನ್ನು ಯಾರೂ ಶೋಕಿ ಎಂದು ಆಡಿಕೊಳ್ಳಬೇಡಿ. ಆ ಆಸೆಯನ್ನು ದುಡಿಸಿಕೊಳ್ಳುವವರ ಮೇಲೆ ನನಗೆ ಸಿಟ್ಟಿರುವುದು.

ಶಿಬಿರಕ್ಕೆ ಕರೆದದ್ದು ಉಚಿತ ತೂಕ ತಪಾಸಣೆ ಎಂದು. ನಡೆಸುತ್ತಿದ್ದ ಮನುಷ್ಯ ಕನ್ನಡವೂ ತುಳುವೂ ಚೆನ್ನಾಗಿ ಮಾತಾಡುತ್ತಿದ್ದ. ನಮ್ಮ ಭಾಷೆಯವರು ಎಂಬ ಒಂದೇ ಕಾರಣಕ್ಕೆ ಹೆಂಗಸರು ಅರ್ಧ ನಂಬಿದ್ದರು. ಆದರೆ ಕೈಗೆ ಕೊಟ್ಟ ಚೀಟಿ ಇದ್ದದ್ದು ಮಲಯಾಳದಲ್ಲಿ. ಅತ್ತಿಗೆ ಹತ್ತನೇವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ನನ್ನ ಹಾಗೆ ಮಲಯಾಳ ಮಾತು ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಬಳಸಬಾರದು ಎಂದು ಆ ಚೀಟಿಯ ಕೊನೆಯಲ್ಲಿ ಸಣ್ಣಕ್ಕೆ ಇತ್ತಂತೆ. ಅದನ್ನು ನಮಗೆ ಓದಿ ಹೇಳಿದ್ದು ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರ ಮಗಳು. ಬಿಪಿ ಮಾತ್ರೆ ತಿನ್ನುತ್ತೀರಾ ಎಂದು ಶಿಬಿರದಲ್ಲಿ ಒಬ್ಬರೂ ಕೇಳಿರಲಿಲ್ಲ.

ಆರೂವರೆ ಸಾವಿರ ರೂಪಾಯಿಗೆ ಕೊಟ್ಟದ್ದು ಇಷ್ಟು: ಬೆಳಿಗ್ಗೆ ಬಿಸಿನೀರಿಗೆ ಹಾಕಿ ಕುಡಿಯುವ ಕಂದು ಪುಡಿ, ಸಣ್ಣ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬಿಡಿ ಮಾತ್ರೆಗಳು, ಹೊಟ್ಟೆಗೆ ಸುತ್ತುವ ರಬ್ಬರ್ ಬೆಲ್ಟು, ಮತ್ತೆ ಊಟದ ಪಟ್ಟಿ. ಕುಚ್ಚಲಕ್ಕಿ, ತೆಂಗಿನಕಾಯಿ ಪೂರ್ತಿ ಬಿಡಬೇಕು, ರಾತ್ರಿ ಸೌತೆಕಾಯಿ ಮಾತ್ರ. ಪುಡಿಯ ಡಬ್ಬದಲ್ಲಿ ತಯಾರಕರ ವಿಳಾಸ ಇರಲಿಲ್ಲ, ಆಹಾರ ಪದಾರ್ಥಕ್ಕೆ ಇರಬೇಕಾದ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆಯೂ ಇರಲಿಲ್ಲ. ಮಾತ್ರೆಗೆ ಹೆಸರೇ ಇಲ್ಲ. ಇವನ್ನೆಲ್ಲ ತೋರಿಸಿ ಇದು ಬೇಡ ಅಂದಾಗ ಅತ್ತಿಗೆ, "ನೀನು ಸುಮ್ಮನಿರು ಮಾರಾಯ್ತಿ, ಮೂರೇ ದಿನದಲ್ಲಿ ಸೀರೆ ಸಡಿಲ ಆಗಿದೆ" ಅಂದರು. ಮೊದಲ ವಾರ ಮುಗಿಯುವಾಗ ನಾಲ್ಕು ಕಿಲೋ ಇಳಿದಿತ್ತು. ಬೇರೆ ಹೆಂಗಸರೂ ಸೇರಿದ್ದು ಇದನ್ನು ನೋಡಿಯೇ.

ಆ ನಾಲ್ಕು ಕಿಲೋ ಏನು ಎಂದು ಆಮೇಲೆ ಡಾಕ್ಟ್ರು ಲೆಕ್ಕ ಹಾಕಿ ತೋರಿಸಿದರು. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕಿಲೋಕ್ಯಾಲೊರಿ ಖರ್ಚಾಗಬೇಕು. ಅತ್ತಿಗೆಯಂಥವರ ದೇಹ ಇಡೀ ದಿನಕ್ಕೆ ಖರ್ಚು ಮಾಡುವುದು ಎರಡು ಸಾವಿರದ ಆಸುಪಾಸು. ವಾರವಿಡೀ ಒಂದು ಅಗುಳೂ ತಿನ್ನದೆ ಕೂತರೂ ಎರಡು ಕಿಲೋ ಕೊಬ್ಬು ಕರಗುವುದು ಕಷ್ಟ. ಬಾಕಿ ಹೋದದ್ದು ನೀರು, ಸ್ವಲ್ಪ ಮಾಂಸಖಂಡ. ಈ ಲೆಕ್ಕವನ್ನು ನೀವೂ ನೆನಪಿಟ್ಟುಕೊಳ್ಳಿ. ವಾರಕ್ಕೆ ಐದು ಕಿಲೋ ಎಂದು ಯಾರಾದರೂ ಹೇಳಿದರೆ ಅವರು ಕೊಬ್ಬಿನ ಮಾತು ಆಡುತ್ತಿಲ್ಲ.

ಇನ್ನು ಟೇಪಿನ ವಿಷಯ. ಇದನ್ನು ಹೇಳುವ ಹಕ್ಕು ನನಗಿದೆ. ಎರಡನೇ ಸಲ ಅತ್ತಿಗೆಯ ಜೊತೆ ನಾನೂ ಹೋಗಿದ್ದೆ. ಹೊಸದಾಗಿ ಬಂದವರನ್ನು ಹೊಕ್ಕುಳಿನ ಕೆಳಗೆ, ಹೊಟ್ಟೆ ಅತಿ ದಪ್ಪ ಇರುವಲ್ಲಿ, ಸೀರೆಯ ನೆರಿಗೆಯ ಮೇಲೆಯೇ ಸಡಿಲವಾಗಿ ಅಳೆಯುತ್ತಿದ್ದರು. ಹಳಬರು ಬಂದರೆ ಟೇಪು ಮೇಲೆ ಏರುತ್ತಿತ್ತು, ಪಕ್ಕೆಲುಬಿನ ಹತ್ತಿರ. "ಉಸಿರು ಒಳಗೆಳೆದುಕೊಳ್ಳಿ" ಎಂದು ಹೇಳಿ ಬಿಗಿಯಾಗಿ ಎಳೆಯುತ್ತಿದ್ದರು. ಎರಡು ಇಂಚು ಕಡಿಮೆ ತೋರಿಸಲು ಮದ್ದೇ ಬೇಡ, ಇಷ್ಟು ಸಾಕು. ಸರಿಯಾದ ಕ್ರಮ ಬೇರೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವಿನ ಜಾಗ ಬೆರಳಿನಿಂದ ಹುಡುಕಿ, ಉಸಿರು ಸಹಜವಾಗಿ ಬಿಟ್ಟ ಮೇಲೆ, ಚರ್ಮ ಒತ್ತದ ಹಾಗೆ ಟೇಪು ಸುತ್ತಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಪ್ರತಿ ಸಲ ಅದೇ ಜಾಗದಲ್ಲಿ. ಮನೆಗೆ ಬಂದು ಹಾಗೆ ಅಳೆದಾಗ ಅತ್ತಿಗೆಯ ಸೊಂಟ ಇಳಿದದ್ದು ಅರ್ಧ ಇಂಚೂ ಇಲ್ಲ. ಮುಖ ಮಾತ್ರ ಬತ್ತಿತ್ತು, ರವಿಕೆಯ ತೋಳು ಜೋಲುತ್ತಿತ್ತು.

ಅಷ್ಟರಲ್ಲಿ ಬೇರೆ ತೊಂದರೆಗಳು ಶುರುವಾಗಿದ್ದವು. ದಿನಕ್ಕೆ ನಾಲ್ಕೈದು ಸಲ ಭೇದಿ. ಬಾಯಿ ಒಣಗುವುದು, ರಾತ್ರಿ ನಿದ್ದೆ ಇಲ್ಲ, ಎದೆ ಢವಢವ. ಮೀನಖಂಡ ಹಿಡಿದುಕೊಂಡು ನಡುರಾತ್ರಿ ಎದ್ದು ಕೂರುತ್ತಿದ್ದರು. ಫೋನು ಮಾಡಿ ಕೇಳಿದರೆ ಆ ಕಡೆಯಿಂದ ಬಂದ ಉತ್ತರ, "ಅದು ವಿಷ ಹೊರಗೆ ಹೋಗುವುದು, ಒಳ್ಳೆಯ ಲಕ್ಷಣ, ನಿಲ್ಲಿಸಬೇಡಿ." ಈ ಮಾತನ್ನು ಯಾರ ಬಾಯಿಂದ ಕೇಳಿದರೂ ಆ ಕ್ಷಣವೇ ಮದ್ದು ನಿಲ್ಲಿಸಿ ಡಾಕ್ಟರರ ಹತ್ತಿರ ಹೋಗಿ. ಅತ್ತಿಗೆ ಒಂದು ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲಿ ಕುಸಿದು ಬಿದ್ದರು. ಕಾಲು ಎತ್ತಲು ಆಗುತ್ತಿರಲಿಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲಿ ಇಸಿಜಿ ನೋಡಿದವರು ಇಲ್ಲಿ ಇಟ್ಟುಕೊಳ್ಳುವುದು ಬೇಡ ಅಂದರು. ಕುಂಬಳೆಗೆ ಬಂದು ಹೈವೇ ಹಿಡಿದು ತಲಪಾಡಿ ದಾಟಿ ಮಂಗಳೂರು ಮುಟ್ಟುವವರೆಗೆ ಅಣ್ಣ ಒಂದು ಮಾತೂ ಆಡಲಿಲ್ಲ.

ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣ ಕನಿಷ್ಠ 3.5 ಇರಬೇಕಂತೆ. ಅವರಿಗಿದ್ದದ್ದು 2.4. ಹೃದಯದ ಬಡಿತದ ಲಯ ತಪ್ಪಲು ಅಷ್ಟು ಸಾಕು. ಪುಡಿಯಲ್ಲಿ ಸೋನಾಮುಖಿಯಂಥ ಭೇದಿ ಮದ್ದು ಇದ್ದಿರಬೇಕು ಎಂದು ಡಾಕ್ಟ್ರು ಹೇಳಿದರು. ಅಂಥ ಮದ್ದು ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ. ಊಟದ ಶಕ್ತಿಯನ್ನು ಸಣ್ಣ ಕರುಳು ಅದಕ್ಕೆ ಮೊದಲೇ ಹೀರಿಕೊಂಡಾಗಿರುತ್ತದೆ. ಭೇದಿಯಲ್ಲಿ ಹೋಗುವುದು ನೀರು ಮತ್ತು ಲವಣ. ಅತ್ತಿಗೆಯ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಮದ್ದೂ ಸೇರಿತ್ತು, ಅದೂ ಪೊಟ್ಯಾಸಿಯಂ ಇಳಿಸುವಂಥದ್ದೇ. ಎರಡೂ ಸೇರಿ ಆದ ಅನಾಹುತ ಇದು.

ಬಿಡಿ ಮಾತ್ರೆಯ ಬಗ್ಗೆ ಡಾಕ್ಟ್ರು ಹೇಳಿದ್ದು ಇನ್ನೂ ಭಯದ ವಿಷಯ. ಪರೀಕ್ಷೆಯಾಗದೆ ಅದು ಇಂಥದ್ದೇ ಎನ್ನಲು ಬರುವುದಿಲ್ಲ. ಆದರೆ ಹಸಿವೆ ಇಲ್ಲ, ನಿದ್ದೆ ಇಲ್ಲ, ಬಾಯಿ ಒಣಗುತ್ತದೆ, ಬಿಪಿ ಮತ್ತು ನಾಡಿ ಏರಿದೆ ಎಂದರೆ ಸಿಬ್ಯುಟ್ರಮಿನ್ ಎಂಬ ಮದ್ದಿನ ಸಂಶಯ ಬರುತ್ತದೆ. ಹಿಂದೆ ಅದು ಬೊಜ್ಜಿಗೆ ಡಾಕ್ಟರರೇ ಬರೆದು ಕೊಡುತ್ತಿದ್ದ ಮದ್ದು. ಹೃದಯದ ಕಾಯಿಲೆ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿಸುತ್ತದೆ ಎಂದು ಗೊತ್ತಾದ ಮೇಲೆ 2010ರಲ್ಲಿ ಯುರೋಪು, ಅಮೆರಿಕಗಳ ಮಾರುಕಟ್ಟೆಯಿಂದ ಹೋಯಿತು. ನಮ್ಮ ದೇಶದಲ್ಲಿ 2011ರ ಫೆಬ್ರವರಿಯಲ್ಲಿ ನಿಷೇಧವಾಯಿತು. ಹಾಗಿದ್ದೂ ಗಿಡಮೂಲಿಕೆ ಎಂದು ಮಾರುವ ತೂಕ ಇಳಿಸುವ ಉತ್ಪನ್ನಗಳಲ್ಲಿ ಅದು ಮತ್ತೆ ಮತ್ತೆ ಸಿಕ್ಕಿಬಿದ್ದಿದೆ, ಬೇರೆ ಬೇರೆ ದೇಶಗಳಲ್ಲಿ. ಡಬ್ಬದ ಮೇಲೆ ಎಲೆಯ ಚಿತ್ರ ಇದ್ದರೆ ಒಳಗೆ ಎಲೆಯೇ ಇದೆ ಎಂದು ನಂಬಬೇಡಿ.

ಬೆಲ್ಟಿನಿಂದ ಹೋಗುವುದು ಬೆವರು. ಒಂದು ಚೆಂಬು ನೀರು ಕುಡಿದರೆ ವಾಪಸು ಬರುತ್ತದೆ, ಅಷ್ಟೇ. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯದ್ದೇ ಕೊಬ್ಬು ಕರಗುತ್ತದೆ ಎಂದು ಶಿಬಿರದಲ್ಲಿ ಮಲಗಿಸಿ ಏಳಿಸುತ್ತಿದ್ದರಲ್ಲ, ಅದೂ ಸುಳ್ಳು. ಆಸ್ಪತ್ರೆಯ ಫಿಸಿಯೋಥೆರಪಿ ಹುಡುಗಿ ಚೆನ್ನಾಗಿ ಬಿಡಿಸಿ ಹೇಳಿದಳು. 1971ರಲ್ಲಿ ಟೆನಿಸ್ ಆಟಗಾರರ ಎರಡೂ ತೋಳು ಅಳೆದು ನೋಡಿದ್ದರಂತೆ. ವರ್ಷಗಟ್ಟಲೆ ಬ್ಯಾಟು ಬೀಸಿದ ತೋಳಿನಲ್ಲಿ ಸ್ನಾಯು ದಪ್ಪ ಇತ್ತು, ಚರ್ಮದ ಕೆಳಗಿನ ಕೊಬ್ಬು ಎರಡರಲ್ಲೂ ಒಂದೇ. 2011ರಲ್ಲಿ ಇಪ್ಪತ್ತನಾಲ್ಕು ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ವಾರ ಬರೀ ಹೊಟ್ಟೆಯ ವ್ಯಾಯಾಮ ಮಾಡಿಸಿದರು. ಹೊಟ್ಟೆಗೆ ಬಲ ಬಂತು, ಕೊಬ್ಬು ಕರಗಲಿಲ್ಲ. ದೇಹ ತನಗೆ ಬೇಕಾದ ಕಡೆಯಿಂದ ಕೊಬ್ಬು ತೆಗೆಯುತ್ತದೆ, ನಾವು ಬೆರಳು ತೋರಿಸಿದ ಕಡೆಯಿಂದ ಅಲ್ಲ. ಹೆರಿಗೆಯಾದ ಕೆಲವರಲ್ಲಿ ಹೊಟ್ಟೆಯ ನಡುವಿನ ಸ್ನಾಯುಗಳು ಒಂದಕ್ಕೊಂದು ದೂರ ಸರಿದಿರುತ್ತವೆ. ಅಂಥವರು ಯಾರಿಗೂ ತೋರಿಸದೆ ಬಗ್ಗಿ ಏಳುವ ವ್ಯಾಯಾಮಕ್ಕೆ ಹೋಗಬಾರದು. ಅತ್ತಿಗೆಗೆ ಇದ್ದದ್ದೂ ಸ್ವಲ್ಪ ಮಟ್ಟಿಗೆ ಅದೇ.

ಒಳಗೆ ಕರುಳು, ಯಕೃತ್ತಿನ ಸುತ್ತ ಕೂತಿರುವ ಕೊಬ್ಬೇ ಹೆಚ್ಚು ಅಪಾಯದ್ದು. ಒಂದು ಸಮಾಧಾನವೆಂದರೆ ನಡಿಗೆಗೆ, ಮಿತವಾದ ಊಟಕ್ಕೆ ಅದು ಚೆನ್ನಾಗಿ ಬಗ್ಗುತ್ತದೆ. ಅತ್ತಿಗೆಗೆ ಈಗ ಕೊಟ್ಟಿರುವ ಕ್ರಮದಲ್ಲಿ ಕುಚ್ಚಲಕ್ಕಿ ಇದೆ, ಸೌಟಿನ ಲೆಕ್ಕ ಮಾತ್ರ ಕಡಿಮೆ. ಬಟ್ಟಲಿನ ಅರ್ಧ ಬಸಳೆ, ಹರಿವೆ, ತೊಂಡೆಕಾಯಿ, ಅಲಸಂಡೆ. ಜೊತೆಗೆ ಹೆಸರು, ಹುರುಳಿ ಅಥವಾ ಬೂತಾಯಿ ಸಾರು. ಹುರಿದ ಮೀನು ಯಾವಾಗಾದರೊಮ್ಮೆ. ಕಾಯಿ ಅರೆದು ಹಾಕುವುದು ಅರ್ಧಕ್ಕೆ ಇಳಿದಿದೆ. ಅತಿ ಕಷ್ಟವಾದದ್ದು ಸಂಜೆಯ ಸಕ್ಕರೆ ಚಾ ಮತ್ತು ಬೇಕರಿಯ ಪಫ್ಸು ಬಿಡುವುದು. ಅಲ್ಲಿಂದಲೇ ಎಷ್ಟು ಬರುತ್ತಿತ್ತು ಎಂದು ಲೆಕ್ಕ ಹಾಕಿದ ಮೇಲೆ ಅವರೇ ಬಿಟ್ಟರು. ವಾರಕ್ಕೆ 150 ನಿಮಿಷವಾದರೂ ಬಿರುಸಿನ ನಡಿಗೆ, ಎರಡು ದಿನ ಸ್ನಾಯುವಿಗೆ ಕೆಲಸ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ನಮ್ಮಲ್ಲಿ ಗುಡ್ಡೆ ದಾರಿಗೆ ಬರ ಇಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು ಮನೆಯೊಳಗೇ ಆಗುತ್ತದೆ. ಇಳಿಕೆ ನಿಧಾನ, ತಿಂಗಳಿಗೆ ಒಂದೂವರೆ ಕಿಲೋ ಇಳಿದರೆ ಚೆನ್ನಾಗಿಯೇ ಆಯಿತು ಎನ್ನುತ್ತಾರೆ ಡಾಕ್ಟ್ರು. ಆದರೆ ಈ ಸಲ ನನ್ನ ಟೇಪಿನಲ್ಲೂ ಕಾಣುತ್ತಿದೆ.

ಆ ಹಾಲ್‌ಗೆ ಅಣ್ಣ ಹೋದಾಗ ಬಾಗಿಲಿಗೆ ಬೀಗ. ಫೋನು ಹೋಗುತ್ತಿಲ್ಲ. ರಶೀದಿ ಕೊಟ್ಟಿರಲಿಲ್ಲ. ಬೇರೆ ಊರಿನಲ್ಲಿ ಬೇರೆ ಹೆಸರಿನಲ್ಲಿ ಮತ್ತೆ ಶಿಬಿರ ಇಡುತ್ತಾರೆ ಎಂಬ ಅನುಮಾನ ನನಗಿದೆ, ಹಾಗಾಗಿಯೇ ಇಷ್ಟುದ್ದ ಬರೆದದ್ದು. ಬೊಜ್ಜು ಗುಣಪಡಿಸುವ ಮದ್ದು ಎಂದು ಜಾಹೀರಾತು ಕೊಡುವುದೇ 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಅಪರಾಧ. ಮೋಸ ಹೋದವರು 1915ಕ್ಕೆ ಕರೆ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಕೊಡಬಹುದು. ಮಾತ್ರೆಯ ವಿಷಯವಾದರೆ ಔಷಧ ನಿಯಂತ್ರಣ ಇಲಾಖೆಗೆ ತಿಳಿಸಿ. 2025ರಿಂದ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳೂ ನಮ್ಮ ದೇಶದಲ್ಲಿ ಸಿಗುತ್ತಿವೆ. ಅವು ಡಾಕ್ಟರರ ಚೀಟಿಯ ಮೇಲೆ ಮಾತ್ರ ಕೊಡಬೇಕಾದವು, ಪರಿಚಯದವರು ತಂದುಕೊಡುತ್ತೇನೆಂದರೂ ಬೇಡ ಅನ್ನಿ.

ಈಗಾಗಲೇ ಇಂಥ ಪುಡಿ, ಮಾತ್ರೆ ತಿನ್ನುತ್ತಿರುವವರು ಇವತ್ತೇ ನಿಲ್ಲಿಸಿ. ಆದರೆ ಬಿಪಿ, ಶುಗರ್‌ನ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಉಳಿದ ಪೊಟ್ಟಣವನ್ನು ಎಸೆಯದೆ ಜೊತೆಗೆ ಹಿಡಿದುಕೊಂಡು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ಬಿಪಿ ನೋಡಿಸಿ, ಪೊಟ್ಯಾಸಿಯಂ ಪರೀಕ್ಷೆಗೆ ಬರೆದು ಕೊಡಲು ಕೇಳಿ. ಎದೆ ಹೊಡೆದುಕೊಳ್ಳುತ್ತಿದ್ದರೆ, ಕಾಲಿನ ಶಕ್ತಿ ಇಳಿದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.