ಆಗಾಗ ಟ್ರಿಪ್ ಆಗುವ ಪಂಪಿಗೆ ಮಲ್ಟಿಮೀಟರೋ, ಕ್ಲ್ಯಾಂಪ್ ಮೀಟರೋ?

ಮಂಡ್ಯ ಕಡೆ ಕಬ್ಬಿನ ಗದ್ದೆಗೆ ನೀರು ಹಾಯಿಸುವ ತ್ರೀ ಫೇಸ್ ಮೋಟರ್ ಆಗಾಗ ಟ್ರಿಪ್ ಆಗುತ್ತಿದ್ದರೆ ನನ್ನ ಮೊದಲ ಆಯ್ಕೆ ಕ್ಲ್ಯಾಂಪ್ ಮೀಟರ್ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್). ಮೋಟರ್ ನಿಂತಾಗ ಮಲ್ಟಿಮೀಟರ್ 415 ವೋಲ್ಟ್ ಸರಿಯಾಗಿಯೇ ತೋರಿಸಬಹುದು. ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟ್ ಕೊಡುವ, ಕಡಿಯುವ ಸ್ವಿಚ್) ಪಾಯಿಂಟ್ ಸುಟ್ಟಿದ್ದರೆ, ಟರ್ಮಿನಲ್ ಸಡಿಲವಾಗಿದ್ದರೆ ಆ ದೋಷ ಬಯಲಾಗುವುದು ಲೋಡ್ ಬಿದ್ದು ಬಿಸಿಯಾದ ಮೇಲೆ. ಕ್ಲ್ಯಾಂಪ್ ಆದರೆ ತಂತಿ ಬಿಚ್ಚದೆ, ಓಡುವಾಗಲೇ ಮೂರೂ ಫೇಸ್‌ಗಳ ಆಂಪಿಯರ್ ಹೇಳುತ್ತದೆ. ಫೇಸ್‌ಗಳ ನಡುವೆ ವೋಲ್ಟೇಜಿನ ಸಣ್ಣ ವ್ಯತ್ಯಾಸವೂ ಕರೆಂಟಿನಲ್ಲಿ ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಕಾಂಟ್ಯಾಕ್ಟರ್ ಕಾಯಿಲ್, ಸ್ಟಾಪ್ ಬಟನ್, ಫ್ಲೋಟ್ ಸ್ವಿಚ್ಚಿನ (ನೀರಿನ ಮಟ್ಟಕ್ಕೆ ತಕ್ಕಂತೆ ಆನ್-ಆಫ್ ಆಗುವ ಸ್ವಿಚ್) ವೈರಿಂಗ್ ಕೈಕೊಟ್ಟರೆ ಮಾತ್ರ ಮಲ್ಟಿಮೀಟರೇ ಬೇಕು: ಮೇನ್ ಆಫ್ ಮಾಡಿ, ಕಂಟಿನ್ಯೂಟಿಗೆ (ತಂತಿ ತುಂಡಾಗಿದೆಯೇ ಎಂದು ನೋಡುವ ಸೆಟ್ಟಿಂಗ್) ಇಟ್ಟು, ತಂತಿ ಅಲುಗಾಡಿಸಿ ನೋಡಿ. ವೋಲ್ಟೇಜ್, ಕಂಟಿನ್ಯೂಟಿಯನ್ನೂ ಅಳೆಯುವ ಕ್ಲ್ಯಾಂಪ್ ಸಿಕ್ಕರೆ ಅದೊಂದೇ ಸಾಕು. ಯಾವುದನ್ನೇ ಕೊಳ್ಳಿ, ಟ್ರಿಪ್ ತಪ್ಪಿಸಲೆಂದು ಓವರ್‌ಲೋಡ್ ಸೆಟ್ಟಿಂಗ್ (ಎಷ್ಟು ಆಂಪಿಯರ್ ಮೀರಿದರೆ ಮೋಟರ್ ಟ್ರಿಪ್ ಆಗಬೇಕೆಂಬ ಮಿತಿ) ಏರಿಸಬೇಡಿ, ದಯವಿಟ್ಟು, ಮೋಟರ್ ಒಳಗಿನ ತಂತಿ ಸುರುಳಿ (ವೈಂಡಿಂಗ್) ಸುಟ್ಟೀತು.